ಮೂರು ಕಡೆ ತಡೆ, ಪೂರ್ವಕ್ಕೆ ಗ್ರಿಲ್ಲು

ನಮ್ಮ ವಿರೂಪಾಕ್ಷನಷ್ಟು ಪುಕ್ಕಲು ಮನುಷ್ಯನನ್ನು ನಾನು ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಕಂಡಿಲ್ಲ. ಇದನ್ನು ಅವನ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವನೂ ಒಪ್ಪಿಕೊಂಡಿದ್ದಾನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ ನನಗೆ ಹೆದರುವ ಹುಡುಗರು ಹೊಸಬರಲ್ಲ. ಆದರೆ ಐವತ್ತಾರು ದಾಟಿದ ಗಂಡಸು, ಸಮತಟ್ಟು ನೆಲದಲ್ಲಿ ಸ್ಟ್ಯಾಂಡು ಹಾಕಿ ನಿಲ್ಲಿಸಿದ ಮೊಪೆಡ್ಡಿನ ಚಕ್ರಕ್ಕೆ ಕಲ್ಲು ಕೊಡುವುದನ್ನು ಬೇರೆಲ್ಲೂ ನೋಡಿಲ್ಲ. ನಮ್ಮ ಮನೆಗೆ ಬಂದರೆ ಮೊದಲು ಅಂಗಳದಲ್ಲಿ ಕಲ್ಲು ಹುಡುಕುತ್ತಾನೆ, ಆಮೇಲೆ ಚಪ್ಪಲಿ ಬಿಡುತ್ತಾನೆ. ಹುಡುಕಾಟ ನೋಡಲಾರದೆ ನನ್ನ ಹೆಂಡತಿ ಅವನಿಗೆಂದೇ ಬಾಗಿಲ ಪಕ್ಕ ಒಂದು ಕಲ್ಲು ಇಟ್ಟಿದ್ದಾಳೆ.

ಹುಟ್ಟಾ ಪುಕ್ಕಲನೇನಲ್ಲ. ವಯಸ್ಸಿನಲ್ಲಿ ಲಾರಿ ಓಡಿಸುತ್ತಿದ್ದ. ಹರಾಜು ಮಾರುಕಟ್ಟೆಯಿಂದ ಹೊಗೆಸೊಪ್ಪಿನ ಬೇಲು ಹೇರಿಕೊಂಡು, ಬಾಯಲ್ಲಿ ಬೀಡಿ ಕಚ್ಚಿಕೊಂಡು, ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದ ಗಂಡು ಅದು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಂಪಲಾಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದ. ಇಳಿಜಾರು ಎಂದರೆ ನೀರು ಚೆಲ್ಲಿದರೆ ಮಾತ್ರ ಗೊತ್ತಾಗುವಷ್ಟು ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದ, ಚಕ್ರಕ್ಕೆ ಕಲ್ಲು ಕೊಡಲಿಲ್ಲ. ಟೀ ಲೋಟ ಕೈಗೆ ಬರುವಷ್ಟರಲ್ಲಿ ಲಾರಿ ತಾನಾಗಿಯೇ ಹೊರಟಿತು. ಎಮ್ಮೆ ನಡೆದಷ್ಟೇ ವೇಗ. ಜನ ಅದರ ಪಕ್ಕ ನಡೆದುಕೊಂಡೇ 'ಹೋ ಹೋ' ಎಂದು ಕೂಗಿದರಂತೆ. ಅಷ್ಟು ನಿಧಾನವಾಗಿ ಹೋಗಿ ಅದು ಟೀ ಅಂಗಡಿಯ ಕಲ್ಲುಗೋಡೆಗೆ ತಾಗಿತು. ಗೋಡೆ ಒಳಕ್ಕೆ ಬಿತ್ತು. ಒಳಗೆ ಒಲೆ ಮುಂದೆ ಕೂತಿದ್ದ ಚಿಕ್ಕಬೀರಮ್ಮನ ಕಾಲು ಹೋಯಿತು. ಅವಳು ಇವತ್ತಿಗೂ ಇದ್ದಾಳೆ, ಕೋಲು ಹಿಡಿದು ಓಡಾಡುತ್ತಾಳೆ, ಕಂಡಾಗ "ಏನಪ್ಪಾ ಡ್ರೈವರ್ರು" ಎಂದು ನಗುತ್ತಾಳೆ. ವಿರೂಪಾಕ್ಷ ಮತ್ತೆ ಲಾರಿ ಹತ್ತಲಿಲ್ಲ.

"ಜೋರಾಗಿ ಬರೋ ಗಾಡಿ ಕಂಡ್ರೆ ಜನ ಅತ್ಲಾಗೆ ಇತ್ಲಾಗೆ ಓಡೋಯ್ತಾರೆ ಕಣ್ ಮೇಷ್ಟ್ರೇ," ಎಂದು ನನಗೆ ಹೇಳುತ್ತಿದ್ದ. "ನಿಧಾನಕ್ಕೆ ಬರೋದ ಕಂಡ್ರೆ ನಿಂತ್ಕೊಂಡು ನೋಡ್ತಾರೆ."

ಇಂಥವನಿಗೆ ಸಿಕ್ಕ ಕೆಲಸವಾದರೂ ಎಂಥದ್ದು! ಅವನ ದೂರದ ಸಂಬಂಧಿ ಮಹದೇವಪ್ರಸಾದ್ ಹೊಗೆಸೊಪ್ಪಿನ ವ್ಯಾಪಾರಿ. ಮಡಿಕೇರಿ ರಸ್ತೆಯಲ್ಲಿ ತಾಯಿ ಶಿವರುದ್ರಮ್ಮನವರ ಹೆಸರಿನಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟಿಸಿದ. ಮುಹೂರ್ತದ ದಿನ ಮೈಸೂರಿನಿಂದ, ಕೊಡಗಿನಿಂದ ಬಂದ ಕಾರುಗಳು ಕೊಪ್ಪದವರೆಗೂ ನಿಂತಿವೆ ಎಂದು ಊರು ಆಡಿಕೊಳ್ಳತೊಡಗಿತು. ಪೊಲೀಸರು ಎರಡು ಸಲ ಬಂದು ಹೋದರು. ಪಕ್ಕದಲ್ಲಿದ್ದದ್ದು ಕಿರಿದಾದ ಜಾಗ. ಅಗಲಕ್ಕೆ ಬೆಳೆಯಲಾಗದ್ದನ್ನು ಎತ್ತರಕ್ಕೆ ಬೆಳೆಸಿದ. ನೆಲದ ಮೇಲೆ ಮೂರು ಮಹಡಿ, ಬರೀ ಕಾರು ನಿಲ್ಲಿಸಲಿಕ್ಕೆ. ತಾಲ್ಲೂಕಿಗೇ ಮೊದಲನೆಯದು ಎಂದು ಅವನಿಗೆ ಹೆಮ್ಮೆ. ಕೊರಳಿಗೆ ವಿಶಲ್ ಕಟ್ಟಿ ವಿರೂಪಾಕ್ಷನನ್ನು ಅದರ ಉಸ್ತುವಾರಿಗೆ ಇಟ್ಟ.

ಮಹಡಿಗಳ ಕಾಂಕ್ರೀಟ್ ಚಪ್ಪಡಿ ಎದ್ದಿತ್ತು, ಅಂಚಿಗೆ ಇನ್ನೂ ಏನೂ ಇರಲಿಲ್ಲ. ಮೊದಲ ದಿನ ಮೂರನೇ ಮಹಡಿಗೆ ಹೋದ ವಿರೂಪಾಕ್ಷ ಅಂಚಿನಿಂದ ಹತ್ತು ಅಡಿ ಈಚೆಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟನಂತೆ. ಸಂಜೆ ನಮ್ಮ ಮನೆಗೆ ಬಂದು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮೇಷ್ಟ್ರೇ, ಬ್ರೇಕ್ ಅಂತ ಎಕ್ಸಲೇಟರ್ ಮೆಟ್ಟೋರು ದಿನಕ್ಕೊಬ್ರು ಸಿಕ್ತಾರೆ. ಅಲ್ಲಿಂದ ಒಂದು ಗಾಡಿ ಉರುಳಿದ್ರೆ ಕೆಳಗೆ ಊಟದ್ ಪಂಕ್ತಿ."

ಅಂಚಿಗೆ ಎಂಥ ತಡೆ ಹಾಕಬೇಕು ಎನ್ನುವ ಪ್ರಶ್ನೆ ಹುಟ್ಟಿದ್ದೇ ಹೀಗೆ. ಮಹದೇವಪ್ರಸಾದನಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ವೆಲ್ಡಿಂಗ್ ಅಂಗಡಿಯ ಕಂಠಪ್ಪನಿಗೆ ಆಗಲೇ ಹೇಳಿಯಾಗಿತ್ತು: ಬಳ್ಳಿ ವಿನ್ಯಾಸದ ಗ್ರಿಲ್ಲು, ಎದೆಯೆತ್ತರ, ಚಿನ್ನದ ಬಣ್ಣ, ನಡುವೆ ಅವ್ವನ ಹೆಸರು. ಕಂಠಪ್ಪ ಕೈಗೆ ಬಂದ ಕೆಲಸ ಬಿಡುವವನಲ್ಲ. ವಿರೂಪಾಕ್ಷ ಅಡ್ಡ ಬಂದಾಗ ಅವನಿಗೆ ರೇಗಿತು. "ನನ್ ಗ್ರಿಲ್ಲು ಆನೆ ಒರಗಿದ್ರೂ ಅಲ್ಲಾಡಕಿಲ್ಲ ಕಣಣ್ಣೋ," ಎಂದ.

"ಆನೆ ಒರಗ್ಲಿ ಬುಡು, ಮಾರುತಿ ಕಾರು ಗುದ್ದಿದ್ರೆ?" ಎಂದು ವಿರೂಪಾಕ್ಷ ಕೇಳಿದ.

ಆ ಪ್ರಶ್ನೆಗೆ ಉತ್ತರ ಕಾಣಲೆಂದು ಮಂಟಪದ ಹಿಂದಿನ ಬಯಲಲ್ಲಿ ಒಂದು ಪರೀಕ್ಷೆಯೇ ನಡೆಯಿತು. ಮೈಸೂರಿನ ಇಂಜಿನಿಯರ್ ಶರತ್, ಮೂವತ್ತು ತುಂಬದ ಮಿತಭಾಷಿ, ಬಂದು ನಿಂತ. ಒಂದು ಹಳೇ ಜೀಪಿಗೆ ಮರಳು ಮೂಟೆ ತುಂಬಿ ಒಂದೂವರೆ ಟನ್ ಮಾಡಿದರು. ಇಂಜಿನ್ನೂ ಇಲ್ಲ, ಡ್ರೈವರೂ ಇಲ್ಲ. ಗಾಡಿಗಳು ಮಹಡಿ ಹತ್ತುವ ರ‍್ಯಾಂಪಿನ ಮೊದಲ ತಿರುವಿನಿಂದ ಸುಮ್ಮನೆ ಕೆಳಕ್ಕೆ ಬಿಟ್ಟರೆ ಸೈಕಲ್ಲಿನಷ್ಟು ವೇಗ ಬರುತ್ತದೆ ಎಂದು ಶರತ್ ಲೆಕ್ಕ ಹಾಕಿದ್ದ. ನನ್ನನ್ನೂ ಕರೆದಿದ್ದರು. ನೋಡಲು ಹೋದೆ.

ಮೊದಲು ಕಂಠಪ್ಪನ ಗ್ರಿಲ್ಲು. ಕಾಂಕ್ರೀಟಿನಲ್ಲಿ ನೆಟ್ಟು ನಿಲ್ಲಿಸಿದ್ದ. ಜೀಪು ಬಂತು, ಗ್ರಿಲ್ಲು ಹಪ್ಪಳದಂತೆ ಹೋಯಿತು, ಜೀಪು ತಿರುಗಿಯೂ ನೋಡದೆ ಮುಂದಿನ ಬೇಲಿಯಲ್ಲಿ ಸಿಕ್ಕಿ ನಿಂತಿತು. ಎರಡನೆಯದು ಸಿಮೆಂಟ್ ಇಟ್ಟಿಗೆಯ ಗೋಡೆ. ಜೀಪು ನಿಂತಿತು, ಆದರೆ ಇಟ್ಟಿಗೆಗಳು ಆಚೆಗೆ ಹಾರಿದವು. ನಾವು ನಿಂತದ್ದು ಕೆಳಗೆ ಆಗಿದ್ದರೆ ತಲೆ ಉಳಿಯುತ್ತಿರಲಿಲ್ಲ. ಮೂರನೆಯದು ಹೆದ್ದಾರಿಯ ಪಕ್ಕ ಹಾಕುತ್ತಾರಲ್ಲ, ಅಲೆಯಲೆಯಾಗಿ ಮಡಿಸಿದ ದಪ್ಪ ಕಬ್ಬಿಣದ ಪಟ್ಟಿ, ಮೊಣಕಾಲಿನ ಎತ್ತರಕ್ಕೆ, ಬುಡದಲ್ಲಿ ಬೋಲ್ಟು ಹಾಕಿ ಬಿಗಿದ ಕಂಬಗಳ ಮೇಲೆ. ಜೀಪು ಬಂದು ಗುದ್ದಿತು. ಪಟ್ಟಿ ಅಂಗೈ ಅಗಲ ಹಿಂದಕ್ಕೆ ಬಗ್ಗಿತು, ಕಂಬ ಒಂದು ವಾಲಿತು. ಜೀಪು ಅಲ್ಲೇ ನಿಂತಿತು.

"ಕಾರು ಗುದ್ದೋದು ಎದೆಯೆತ್ತರದಲ್ಲಿ ಅಲ್ಲ, ಮೊಣಕಾಲಿನ ಎತ್ತರದಲ್ಲಿ," ಎಂದು ಶರತ್ ವಿವರಿಸಿದ. "ಒಂಚೂರೂ ಬಗ್ಗದ ಗೋಡೆಗೆ ಈ ಜೀಪು ಗುದ್ದಿದ್ರೆ ಹದಿನೈದು ಟನ್ ಭಾರ ತಳ್ಳಿದ ಹಾಗೆ. ಅಂಗೈ ಅಗಲ ಬಗ್ಗೋ ತಡೆ ಆದ್ರೆ ಅದು ಅರ್ಧಕ್ಕೆ ಇಳಿಯುತ್ತೆ. ಆದ್ರೆ ಬಗ್ಗಬೇಕು, ಮುರೀಬಾರದು. ಬುಡದ ಬೋಲ್ಟೂ ಕಿತ್ತು ಬರಬಾರದು."

ಮಹದೇವಪ್ರಸಾದ್ ಮುಖ ಒರೆಸಿಕೊಂಡು "ಆಯ್ತು, ಇದೇ ಹಾಕ್ಸಣ," ಎಂದ. ವಿರೂಪಾಕ್ಷನ ಕಣ್ಣಲ್ಲಿ ನೀರಿತ್ತು. ಅವನ ಹೆದರಿಕೆಗೆ ಜನ ನಗದೆ ತಲೆಯಾಡಿಸಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ.

ಮಂಟಪದ ಮುಂಭಾಗ ಪೂರ್ವಕ್ಕೆ. ರಸ್ತೆಯಿಂದ ಕಾಣುವುದು ಅದೇ. ಅಲ್ಲಿಗೆ ಈ ಒರಟು ಪಟ್ಟಿ ಹಾಕಲು ಮಹದೇವಪ್ರಸಾದನಿಗೆ ಮನಸ್ಸಾಗಲಿಲ್ಲ. ಮೂರು ಕಡೆ ಕಬ್ಬಿಣದ ತಡೆ ಇರಲಿ, ಪೂರ್ವಕ್ಕೆ ಮಾತ್ರ ಕಂಠಪ್ಪನ ಬಳ್ಳಿ ಗ್ರಿಲ್ಲು ಇರಲಿ ಎಂದು ಹಟ ಹಿಡಿದ. ಶರತ್‌ಗೆ ಇಷ್ಟವಿರಲಿಲ್ಲ. ನಕ್ಷೆ ಹರಡಿ ನೋಡಿದ. ಕಾರುಗಳು ಪಶ್ಚಿಮ, ಉತ್ತರ, ದಕ್ಷಿಣದ ಅಂಚಿಗೆ ಮೂತಿ ಇಟ್ಟು ನಿಲ್ಲುತ್ತವೆ; ಪೂರ್ವದ ಅಂಚಿನ ಉದ್ದಕ್ಕೂ ಬರೀ ಓಡಾಡುವ ದಾರಿ. ಗಾಡಿಗಳು ಅಲ್ಲಿ ಅಂಚಿನ ಪಕ್ಕದಲ್ಲೇ ಸಾಗುತ್ತವೆ, ಅಂಚಿಗೆ ಎದುರಾಗುವುದಿಲ್ಲ. ವಿರೂಪಾಕ್ಷ ಆ ನಕ್ಷೆಯನ್ನು ನನ್ನ ಬಳಿಗೂ ತಂದಿದ್ದ. ನಾನು ಕನ್ನಡಕ ಏರಿಸಿ, ಗಾಡಿಗಳ ಮುಖ ತೋರಿಸುವ ಬಾಣದ ಗುರುತುಗಳ ಮೇಲೆ ಬೆರಳಾಡಿಸಿ, "ಪೂರ್ವಕ್ಕೆ ಒಂದೂ ಬಾಣ ಇಲ್ಲವಲ್ಲೋ," ಎಂದೆ. ದೊಡ್ಡ ಡ್ರಾಯಿಂಗ್ ಮೇಷ್ಟ್ರು ನಾನು!

ಮರುದಿನ ಎಲ್ಲರೂ ಕೂತಾಗ ಶರತ್ ನೇರವಾಗಿ ಕೇಳಿದ: "ದಿನಾ ಇಲ್ಲಿರೋರು ನೀವು. ಪೂರ್ವದ ಕಡೆ ಮುಖ ಮಾಡಿ ಯಾವುದಾದ್ರೂ ಗಾಡಿ ನಿಲ್ಲುತ್ತಾ? ನೀವು ಹೌದು ಅಂದ್ರೆ ನಾನು ಗ್ರಿಲ್ಲಿಗೆ ಒಪ್ಪಲ್ಲ."

ಎಲ್ಲರೂ ವಿರೂಪಾಕ್ಷನ ಮುಖ ನೋಡಿದರು. ಯಜಮಾನನ ಮುಖ ಗಂಟಾಗಿತ್ತು. ಕಂಠಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಎಲ್ಲದಕ್ಕೂ ಇವನೊಬ್ಬ ಅಡ್ಡಗಾಲು ಎಂಬ ಮಾತನ್ನು ಇನ್ನೆಷ್ಟು ಸಲ ಕೇಳುವುದು ಎಂದು ವಿರೂಪಾಕ್ಷನಿಗೂ ಅನ್ನಿಸಿರಬೇಕು. "ಇಲ್ಲ ಸಾರ್. ಒಂದೂ ನಿಲ್ಲಕಿಲ್ಲ," ಎಂದ. ಶರತ್ ಬರೆದುಕೊಂಡ. ಮಹದೇವಪ್ರಸಾದ್ ಎದ್ದು ಬಂದು ಅವನ ಬೆನ್ನು ತಟ್ಟಿದ.

ನಾಲ್ಕು ತಿಂಗಳು ಮದುವೆಗಳು ನಡೆದವು. ಎರಡು ಕಾರು ಪಶ್ಚಿಮದ ಪಟ್ಟಿಗೆ ಗುದ್ದಿ, ಪಟ್ಟಿ ಸ್ವಲ್ಪ ಬಗ್ಗಿ, ಬೈಗುಳದಲ್ಲಿ ಮುಗಿಯಿತು. ವಿರೂಪಾಕ್ಷ ತುಸು ದಪ್ಪಗಾದ. ವಿಶಲ್ ಊದುವುದರಲ್ಲಿ ಒಂದು ಗತ್ತೂ ಬಂತು.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ವಿರೂಪಾಕ್ಷ ಒಳಗೆ ಬಂದ. ಅವನು ಅಂಗಳದಲ್ಲಿ ಮೊಪೆಡ್ಡನ್ನು ಹಾಗೇ ಕೆಡವಿ ಬಂದಿದ್ದು ಕಿಟಕಿಯಿಂದ ಕಂಡಿತು. ಚಕ್ರಕ್ಕೆ ಕಲ್ಲಿಲ್ಲ.

"ಮೇಷ್ಟ್ರೇ, ಪೂಜೆಗೆ ಗಾಡಿಗಳ್ನ ಯಾವ ಕಡೆ ಮುಖ ಮಾಡಿ ನಿಲ್ಲುಸ್ತಾರೆ?"

ತುತ್ತು ಕೈಯಲ್ಲೇ ಉಳಿಯಿತು. ಯಾವ ಕಡೆ? ಇದೂ ಒಂದು ಪ್ರಶ್ನೆಯೇ? ಪೂರ್ವಕ್ಕೆ. ನನ್ನ ಅಪ್ಪ ಎತ್ತಿನಗಾಡಿಯನ್ನು ನಿಲ್ಲಿಸುತ್ತಿದ್ದದ್ದೂ ಪೂರ್ವಕ್ಕೇ. ಚಕ್ರದಡಿ ನಿಂಬೆಹಣ್ಣು ಇಟ್ಟು, ಮಂಗಳಾರತಿ ಆದ ಮೇಲೆ ಗಾಡಿ ಮುಂದಕ್ಕೇ ಹೋಗಬೇಕು. ಪೂಜೆಯಾದ ಗಾಡಿಯನ್ನು ಹಿಂದಕ್ಕೆ ತೆಗೆಯುವವರು ಯಾರಿದ್ದಾರೆ? ನಕ್ಷೆಯಲ್ಲಿ ಮುನ್ನೂರ ಅರವತ್ತನಾಲ್ಕು ದಿನದ ಬಾಣಗಳಿದ್ದವು. ಆ ಒಂದು ದಿನದ ಬಾಣ ನನಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

"ಕೆಳಗೆ ಮಾಡಲಿ ಬಿಡು," ಎಂದೆ.

"ಕೆಳಗೆ ಕೆಲಸದೋರ್ಗೆಲ್ಲಾ ಊಟ. ಪೂಜೆ ಮೂರ್ನೇ ಮಹಡೀಲಂತೆ. ಏಳು ಗಾಡಿ ಸಾಲಾಗಿ. ಮಗಳಿಗೆ ಹೊಸ ಕಾರು ಬೇರೆ ಬಂದೈತೆ."

ಅವನು ಯಜಮಾನನ ಬಳಿ ಹೋಗಿ ಬಂದಾಗಿತ್ತು. ಮಹದೇವಪ್ರಸಾದ್ ನಕ್ಕಿದ್ದ. ನಿಂಬೆಹಣ್ಣು ಹತ್ತಿ ಇಳಿಯಲು ಒಂದು ಗೇಣು ಸಾಕು, ಗ್ರಿಲ್ಲಿಗೂ ಗಾಡಿಗೂ ಹದಿನೈದು ಅಡಿ ಇರುತ್ತದೆ, "ನೀನು ಹಗ್ಗ ಕಂಡ್ರೂ ಹಾವು ಅನ್ನೋನು" ಎಂದಿದ್ದ. ಪೂಜೆ ಮುಗಿಯುವ ತನಕ ಚಕ್ರಕ್ಕೆ ಕಲ್ಲು ಕೊಡಲೇ ಎಂದರೆ, ಕಲ್ಲಿದ್ದರೆ ನಿಂಬೆಹಣ್ಣು ಒಡೆಯುವುದು ಹೇಗೆ ಎಂದು ಒಳಗಿನಿಂದ ಶಿವರುದ್ರಮ್ಮನವರು ಗದರಿದ್ದರು. ನಾಳೆ ಬರುತ್ತೇನೆ ಎಂದು ನಾನು ಹೇಳಿದೆ. ಹೋಗಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಮೂರನೇ ಮಹಡಿ ಹಬ್ಬವಾಗಿತ್ತು. ಏಳು ಗಾಡಿ, ಬಾಳೆಕಂದು, ಚೆಂಡುಹೂವು, ಕುಂಬಳಕಾಯಿ, ಪೂಜೆ ಮಾಡಿಸಲು ಬಂದ ಅಯ್ಯನವರು. ಎಲ್ಲ ಗಾಡಿಗಳ ಮೂತಿ ಪೂರ್ವಕ್ಕೆ. ನಟ್ಟನಡುವೆ ಹೊಸ ಬಿಳಿ ಕಾರು. ಗೇರಿಲ್ಲದ್ದು, ಬ್ರೇಕು ಮತ್ತು ಎಕ್ಸಲೇಟರ್ ಎರಡೇ. ಮಹದೇವಪ್ರಸಾದನ ಮಗಳು ಶಾಂಭವಿಗೆ ಲೈಸೆನ್ಸ್ ಬಂದು ತಿಂಗಳಾಗಿತ್ತು. ಎದುರಿಗೆ ಚಿನ್ನದ ಬಣ್ಣದ ಗ್ರಿಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಹತ್ತಿರ ಹೋಗಿ ಇಣುಕಿದೆ. ಕೆಳಗೆ ಅರ್ಧ ಅಂಗಳಕ್ಕೆ ಶಾಮಿಯಾನ, ಹೊಗೆಯಾಡುವ ಒಲೆ, ಎಲೆ ಹಾಕಿ ಕೂತ ನಲವತ್ತು ಐವತ್ತು ಜನ. ಮಹಡಿ ಹತ್ತಲಾಗದೆ ಅಲ್ಲೇ ಕೂತಿದ್ದ ಚಿಕ್ಕಬೀರಮ್ಮನ ಕೋಲೂ ಕಂಡಿತು. ಪ್ರತಿ ಆಯುಧಪೂಜೆಗೆ ಅವಳನ್ನು ಆಟೋದಲ್ಲಿ ಕರೆಸಿ ಊಟ ಹಾಕಿಸುವುದು ವಿರೂಪಾಕ್ಷನ ರೂಢಿ.

ಅಷ್ಟರಲ್ಲಿ ರ‍್ಯಾಂಪಿನಿಂದ ವಿರೂಪಾಕ್ಷ ಮಳೆಗಾಲಕ್ಕೆಂದು ಇಟ್ಟುಕೊಂಡಿದ್ದ ಹಳೇ ಓಮ್ನಿ ವ್ಯಾನು ಏದುಸಿರು ಬಿಡುತ್ತಾ ಹತ್ತಿ ಬಂತು. ವಿರೂಪಾಕ್ಷ ಅದನ್ನು ತಂದು ಬಿಳಿ ಕಾರಿನ ಮುಂದೆ, ಗ್ರಿಲ್ಲಿಗೆ ಒತ್ತಿ, ಅಡ್ಡಡ್ಡಲಾಗಿ ನಿಲ್ಲಿಸಿದ. ಇಳಿದು ಎರಡು ಹೂ ಸಿಕ್ಕಿಸಿ, "ನಂದೂ ಒಂದು ಪೂಜೆ ಆಗೋಗ್ಲಿ," ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಪುಕ್ಕಲನ ಉಪಾಯ ನನಗೆ ಅರ್ಥವಾಯಿತು. ಕೋಲೂ ಮುರಿಯಬಾರದು, ಹಾವೂ ಸಾಯಬೇಕು.

ಆದರೆ ಅಡ್ಡ ನಿಂತ ಗಾಡಿಯ ಮೂತಿ ದಕ್ಷಿಣಕ್ಕಾಯಿತು. ಶಿವರುದ್ರಮ್ಮನವರು ಕುರ್ಚಿಯಿಂದಲೇ ಕೂಗಿದರು. "ಏನ್ಲಾ ವಿರೂಪಾಕ್ಷ, ಯಮನ್ ದಿಕ್ಕಿಗೆ ಮುಖ ಮಾಡಿದ್ದೀಯಲ್ಲೋ! ಹಬ್ಬದ್ ದಿನ ಅಪಶಕುನ ಕಣ್ಲಾ. ತೆಗಿ ಅತ್ಲಾಗೆ!"

ಎಲ್ಲರೂ ನಕ್ಕರು. ವಿರೂಪಾಕ್ಷ ಓಮ್ನಿ ಹತ್ತಿ ಕೂತ. ಹೋಯಿತು, ಇವನು ಇವತ್ತೂ ತಲೆಬಾಗಿದ ಎಂದುಕೊಂಡೆ. ಆದರೆ ನಾನು ನಿಂತಲ್ಲಿಗೆ ಅವನ ಕೈ ಕಾಣುತ್ತಿತ್ತು. ಕೀಲಿಯನ್ನು ಹಿಡಿದಿದ್ದ, ತಿರುಗಿಸುತ್ತಿರಲಿಲ್ಲ. ಬರೀ ಅಲ್ಲಾಡಿಸುತ್ತಿದ್ದ. "ಸ್ಟಾರ್ಟೇ ಆಯ್ತಿಲ್ಲ ಕಣವ್ವಾ," ಎಂದ. ದನಿ ಅಳುಬುರುಕ ಮಗುವಿನ ದನಿ. ಇಳಿದರೆ ನಾಲ್ಕು ಜನ ಸೇರಿ ಗಾಡಿಯನ್ನು ತಳ್ಳಿ ಸರಿಸಿಬಿಡುತ್ತಾರೆಂದು ಸೀಟು ಬಿಟ್ಟು ಏಳಲಿಲ್ಲ. ಅತ್ತ ದರಿ, ಇತ್ತ ಪುಲಿ ಎಂದು ಮಕ್ಕಳಿಗೆ ನೂರು ಸಲ ಹೇಳಿದ್ದೆ. ಅದರ ನಡುವೆ ಕೂತವನ ಮುಖ ನೋಡಿದ್ದು ಆವತ್ತೇ.

"ಹಾಳಾಗೋಗ್ಲಿ, ರಾಹುಕಾಲ ಬತ್ತದೆ, ನೀವು ಮುಂದುವರೀರಿ ಅಯ್ನೋರೇ," ಎಂದರು ಶಿವರುದ್ರಮ್ಮ.

ನಾನು ಕೂಗಬೇಕಿತ್ತು. 'ಅವನು ಇಳಿಯಲಿ, ಆಮೇಲೆ ಮಾಡಿ' ಎಂದು ಒಂದು ಮಾತು ಹೇಳಬೇಕಿತ್ತು. ನಾಲ್ಕು ಜನ ನಗುತ್ತಾರೆಂದು ಸುಮ್ಮನಿದ್ದೆ. ಇಷ್ಟು ವರ್ಷ ಪುಕ್ಕಲ ಎಂದು ಯಾರನ್ನು ಕರೆಯುತ್ತಿದ್ದೆನೋ ಅವನು ಅಲ್ಲಿ ಕೂತಿದ್ದ, ನಾನು ಇಲ್ಲಿ ಕೈಕಟ್ಟಿ ನಿಂತಿದ್ದೆ. ಈ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಮಂಗಳಾರತಿ ಆಯಿತು. ಪೂಜೆಯ ಗಾಡಿಗೆ ಚಪ್ಪಲಿ ಹಾಕಿ ಹತ್ತುವಂತಿಲ್ಲ. ಶಾಂಭವಿ ಕಾಲು ತೊಳೆದುಕೊಂಡು, ಒದ್ದೆ ಬರಿಗಾಲಲ್ಲಿ ಕೂತಳು. ಅಯ್ಯನವರು ಕೈ ಬೀಸಿದರು. ಕಾರು ಮೆಲ್ಲಗೆ ಹೊರಟಿತು, ಎಮ್ಮೆ ನಡೆದ ಹಾಗೆ. ನಿಂಬೆಹಣ್ಣು ಪಚ್ಚೆಂದಿತು. ಎಲ್ಲರೂ ಚಪ್ಪಾಳೆ ಹೊಡೆದರು. ಬ್ರೇಕಿನ ಮೇಲಿದ್ದ ಒದ್ದೆ ಕಾಲು ಜಾರಿ ಪಕ್ಕದ್ದನ್ನು ಮೆಟ್ಟಿತು. ಕಾರು ಒಮ್ಮೆಲೇ ಗರ್ಜಿಸಿ ಹಾರಿತು.

ಹೋಗಿ ಓಮ್ನಿಗೆ ಗುದ್ದಿತು. ಓಮ್ನಿ ಅಡ್ಡಕ್ಕೇ ಸರಿಯಿತು. ಬಳ್ಳಿ ಗ್ರಿಲ್ಲು ಬುಡಸಮೇತ ಕಿತ್ತುಬಂದು, ಅವ್ವನ ಹೆಸರಿನ ಸಮೇತ ಹೊರಕ್ಕೆ ಬಾಗಿ, ಒಂದು ತುಂಡು ಕಳಚಿ ಕೆಳಗೆ ಬಿತ್ತು. ಕೆಳಗಿನಿಂದ ಕಿರುಚಾಟ ಎದ್ದಿತು. ಓಮ್ನಿಯ ಮುಂದಿನ ಎಡಚಕ್ರ ಚಪ್ಪಡಿಯ ಆಚೆ ಗಾಳಿಯಲ್ಲಿ ತಿರುಗುತ್ತಿತ್ತು. ಬಿಳಿ ಕಾರು ಅದರ ಪಕ್ಕೆಗೆ ಮೂತಿ ನೆಟ್ಟು ನಿಂತಿತ್ತು. ಶಾಂಭವಿ ಎರಡೂ ಕಾಲಲ್ಲಿ ಬ್ರೇಕ್ ಒತ್ತಿಕೊಂಡು "ವಿರೂಪಾಕ್ಷ ಮಾವಾ, ಮಾವಾ" ಎಂದು ಕಿರುಚುತ್ತಿದ್ದಳು.

ಬಾಗಿಲ ಕಡೆ ಕಾರು, ಇನ್ನೊಂದು ಕಡೆ ಮೂವತ್ತು ಅಡಿ ಆಳ. ಹಿಂದಿನ ಡಿಕ್ಕಿಯ ಬಾಗಿಲೊಂದೇ ದಾರಿ. ಕಂಠಪ್ಪನೂ ಮಹದೇವಪ್ರಸಾದನೂ ಓಮ್ನಿಯ ಹಿಂದಕ್ಕೆ ಜೋತುಬಿದ್ದು ಭಾರ ಹಾಕಿದರು. ನಾನೂ ಹಾಕಿದೆ. ಒಳಗಿನಿಂದ ವಿರೂಪಾಕ್ಷ ಗುದ್ದಿದ ಏಟಿಗೆ ಮುರಿದಿದ್ದ ಕಾಲು ಎಳೆದುಕೊಂಡು, ಸೀಟು ದಾಟಿ ತೆವಳಿದ. ಅವನು ಒಂದು ಮೊಳ ಸರಿದರೆ ಗಾಡಿ ಒಂದು ಸಲ ತೂಗುತ್ತಿತ್ತು. ತೂಗಿದಾಗಲೆಲ್ಲ ನಿಂತು ಕಣ್ಣು ಮುಚ್ಚುತ್ತಿದ್ದ. ಕೊನೆಗೆ ಅವನ ಕೈ ನನ್ನ ಕೈಗೆ ಸಿಕ್ಕಿತು. ಈಚೆಗೆ ಎಳೆದುಕೊಂಡೆ.

"ಕೆಳಗೆ ಯಾರ್ಗಾದ್ರೂ ಬಿತ್ತಾ? ಚಿಕ್ಕಬೀರಮ್ಮಂಗೆ ಏನಾದ್ರೂ?" ಎಂಬುದು ಅವನ ಮೊದಲ ಮಾತು. ಗ್ರಿಲ್ಲಿನ ತುಂಡು ಸಾರಿನ ಹಂಡೆಯ ಮೇಲೆ ಬಿದ್ದಿತ್ತು. ಹಂಡೆ ನಜ್ಜುಗುಜ್ಜಾಗಿತ್ತು. ಜನಕ್ಕೆ ಏನೂ ಆಗಿರಲಿಲ್ಲ.

ಮೂರು ದಿನದ ಮೇಲೆ ಆಸ್ಪತ್ರೆಗೆ ಹೋದಾಗ ಮಹದೇವಪ್ರಸಾದನೂ ಶಾಂಭವಿಯೂ ಹಾಸಿಗೆಯ ಪಕ್ಕ ನಿಂತಿದ್ದರು. ಶಾಂಭವಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಪೂರ್ವಕ್ಕೂ ಕಬ್ಬಿಣದ ತಡೆಗೆ ಹೇಳಿಯಾಗಿದೆ, ಕಂಠಪ್ಪನೇ ಮುಂದೆ ನಿಂತು ಬೋಲ್ಟು ಬಿಗಿಸುತ್ತಿದ್ದಾನೆ ಎಂದು ಮಹದೇವಪ್ರಸಾದ್ ತಿಳಿಸಿದ. ಆಮೇಲೆ ಕೈ ಮುಗಿದು, "ನನ್ ಮಗಳ ಜೀವ ಉಳಿಸ್ದೆ ಕಣಣ್ಣಾ. ನಿನ್ ಮಾತು ಕೇಳ್ದೆ ತಪ್ಪು ಮಾಡ್ದೆ," ಎಂದ.

ವಿರೂಪಾಕ್ಷ ಸೂರು ನೋಡುತ್ತಾ ಮಲಗಿದ್ದ. "ನನ್ ಮಾತು ಕೇಳೇ ತಪ್ಪಾಗಿದ್ದು ಯಜಮಾನ್ರೇ," ಎಂದ. "ಇಂಜಿನಿಯರ್ರು ಕೇಳಿದ್ದು ನನ್ನ. ಒಂದೂ ಗಾಡಿ ನಿಲ್ಲಕಿಲ್ಲ ಅಂದೋನು ನಾನು. ಇಪ್ಪತ್ತೆರಡು ವರ್ಷದಲ್ಲಿ ಅದೊಂದು ದಿವ್ಸ ನಾನು ಹೆದರ್ಲಿಲ್ಲ. ಎಲ್ರೂ ಖುಷಿಯಾಗವ್ರಲ್ಲಾ ಅಂತ ಸುಮ್ನಾಗ್ಬುಟ್ಟೆ."

ಆ ನಕ್ಷೆ ನೋಡಿದವರಲ್ಲಿ ನಾನೂ ಒಬ್ಬ ಎಂದು ನಾನು ಹೇಳಿದೆ. ತಡವಾಗಿಯಾದರೂ ಹೇಳಿದೆ.

ಈಗ ಅವನ ಕಾಲು ಕೂಡಿದೆ, ತುಸು ಎಳೆಯುತ್ತಾನೆ. ಸಂಜೆ ಮೊಪೆಡ್ಡಿನಲ್ಲಿ ಬರುತ್ತಾನೆ. ಬಗ್ಗುವುದು ಅವನಿಗೆ ಕಷ್ಟ. ಸದ್ದು ಕೇಳಿದ ಕೂಡಲೇ ನಾನು ಎದ್ದು ಹೋಗಿ, ಬಾಗಿಲ ಪಕ್ಕದ ಕಲ್ಲನ್ನು ತಂದು ಅವನ ಚಕ್ರಕ್ಕೆ ಕೊಡುತ್ತೇನೆ. ಅವನು ಒಂದು ಸಲ ಕಾಲಲ್ಲಿ ಒತ್ತಿ ನೋಡಿ, ಆಮೇಲೆ ಒಳಗೆ ಬರುತ್ತಾನೆ.